ಗರಿ ಕೆದರಿ ನಿಂತ ಕೋಳಿ: ಹಿತ್ತಲ ಹಿಂಡಿನಲ್ಲಿ ಸಾಂಕ್ರಾಮಿಕ ರೋಗವನ್ನು ಗುರುತಿಸುವ ಬಗೆ

ಬೆಳಿಗ್ಗೆ ಗೂಡಿನ ಬಾಗಿಲು ತೆಗೆದ ಕೂಡಲೇ ಕೋಳಿಗಳು ಒಂದನ್ನೊಂದು ನೂಕಿಕೊಂಡು ಹೊರಗೆ ಓಡುತ್ತವೆ. ಒಂದು ಮಾತ್ರ ಒಳಗೇ ಉಳಿಯುತ್ತದೆ. ಗರಿ ಕೆದರಿಕೊಂಡು, ಕತ್ತನ್ನು ಮೈಯೊಳಗೆ ಎಳೆದುಕೊಂಡು, ಕಣ್ಣು ಅರ್ಧ ಮುಚ್ಚಿ ನಿಂತಿರುತ್ತದೆ. ಕೋಳಿ ಸಾಕಿದವರೆಲ್ಲರೂ ಒಂದಲ್ಲ ಒಂದು ದಿನ ಇದನ್ನು ಕಂಡಿರುತ್ತಾರೆ. ಆಗ ಮನಸ್ಸಿಗೆ ಮೊದಲು ಹೊಳೆಯುವುದು 'ಇದಕ್ಕೆ ಯಾವ ಔಷಧ ಕೊಡಲಿ?' ಎಂಬ ಪ್ರಶ್ನೆ. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ ಇದೆ: ಇದು ಈ ಒಂದು ಕೋಳಿಯ ಕಾಯಿಲೆಯೋ, ಇಡೀ ಹಿಂಡಿನ ಕಾಯಿಲೆಯೋ?

ಆ ಪ್ರಶ್ನೆಯನ್ನು ಕೇಳಿಕೊಳ್ಳದೆ ನಾನು ಒಂದು ಹಿಂಡನ್ನೇ ಕಳೆದುಕೊಂಡಿದ್ದೇನೆ. ಹದಿನೇಳು ಕೋಳಿಗಳಿದ್ದವು. ಒಂದಕ್ಕೆ ಹಸಿರು ಭೇದಿ ಶುರುವಾಯಿತು. ಮನೆಯಲ್ಲಿ ಉಳಿದಿದ್ದ ಆ್ಯಂಟಿಬಯೋಟಿಕ್ ಪುಡಿಯನ್ನು ಕುಡಿಯುವ ನೀರಿಗೆ ಬೆರೆಸಿ, ವಾಸಿಯಾಗುತ್ತದೆ ಎಂದು ಮೂರು ದಿನ ಕಾದೆ. ಆ ಮೂರು ದಿನವೂ ಕಾಯಿಲೆಯ ಕೋಳಿ ಉಳಿದವುಗಳ ಜೊತೆಗೆ ಒಂದೇ ಬೋಗುಣಿಯಲ್ಲಿ ನೀರು ಕುಡಿಯಿತು. ಬಂದದ್ದು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಅದು ವೈರಸ್‌ನಿಂದ ಬರುವ ರೋಗ, ಆ್ಯಂಟಿಬಯೋಟಿಕ್‌ಗೆ ಜಗ್ಗುವುದಿಲ್ಲ. ಎರಡನೆಯ ವಾರದ ಕೊನೆಗೆ ನಾಲ್ಕು ಕೋಳಿಗಳು ಉಳಿದಿದ್ದವು. ಮೊದಲ ಬೆಳಿಗ್ಗೆಯೇ ಬೇರ್ಪಡಿಸಿದ್ದರೆ ಎಲ್ಲವೂ ಬದುಕುತ್ತಿದ್ದವು ಎಂದು ಹೇಳಲಾರೆ. ಆದರೆ ಆ ಮೂರು ದಿನಗಳನ್ನು ರೋಗಕ್ಕೆ ನಾನೇ ಕೊಟ್ಟೆ.

ಕೋಳಿಯ ರೋಗಗಳಲ್ಲಿ ಲಕ್ಷಣಗಳು ಒಂದನ್ನೊಂದು ಹೋಲುತ್ತವೆ. ಮಂಕು, ಭೇದಿ, ಉಸಿರಾಟದ ತೊಂದರೆ, ಮೊಟ್ಟೆ ನಿಲ್ಲುವುದು ಬಹುತೇಕ ಎಲ್ಲ ರೋಗಗಳಲ್ಲೂ ಇರುತ್ತವೆ. ರೋಗ ಹಬ್ಬುವ ವೇಗ ಮತ್ತು ಅದು ಹಿಡಿಯುವ ವಯಸ್ಸು ಮಾತ್ರ ರೋಗದಿಂದ ರೋಗಕ್ಕೆ ಬೇರೆಯಾಗುತ್ತವೆ. ಹಾಗಾಗಿ ಈ ಬರಹದಲ್ಲಿ ಲಕ್ಷಣಗಳ ಜೊತೆಗೆ ದಿನಗಳ ಲೆಕ್ಕ ಮತ್ತೆ ಮತ್ತೆ ಬರುತ್ತದೆ. ಒಂದು ಪುಸ್ತಕ, ಒಂದು ಪೆನ್ನು ಗೂಡಿನ ಹತ್ತಿರ ಇಟ್ಟುಕೊಳ್ಳಿ.

ಮೊದಲ ಹತ್ತು ನಿಮಿಷ

ರೋಗದ ಹೆಸರು ಆಮೇಲೆ ಗೊತ್ತಾಗಲಿ. ಮಂಕಾದ ಕೋಳಿಯನ್ನು ಹಿಂಡಿನಿಂದ ಎತ್ತಿ, ಉಳಿದವುಗಳ ನೀರು, ಮೇವು, ಗಾಳಿ ಯಾವುದೂ ಸೋಕದ ಕಡೆ ಇರಿಸಿ. ಗೂಡಿನ ಪಕ್ಕದಲ್ಲೇ ಬುಟ್ಟಿ ಕವುಚಿ ಹಾಕುವುದು ಬೇರ್ಪಡಿಸಿದಂತೆ ಆಗುವುದಿಲ್ಲ. ಉಸಿರಾಟದ ರೋಗಗಳು ತುಂತುರು ಮತ್ತು ದೂಳಿನ ಮೂಲಕ ಅಷ್ಟು ದೂರವನ್ನು ಸುಲಭವಾಗಿ ದಾಟುತ್ತವೆ. ಮನೆಯ ಇನ್ನೊಂದು ಬದಿ, ಅಲ್ಲಿಂದ ಗಾಳಿ ಗೂಡಿನ ಕಡೆಗೆ ಬೀಸದಂತಹ ಜಾಗ ಆಗಬಹುದು. ಅಲ್ಲಿ ಬೆಚ್ಚಗಿರಬೇಕು. ಗರಿ ಕೆದರಿ ನಿಂತ ಕೋಳಿ ಮೈಯ ಶಾಖವನ್ನು ಉಳಿಸಿಕೊಳ್ಳಲು ಹೆಣಗುತ್ತಿರುತ್ತದೆ.

ಹಳೆಯ ನೀರನ್ನು ಚೆಲ್ಲಿ, ಪಾತ್ರೆಯನ್ನು ತಿಕ್ಕಿ ತೊಳೆದು ಹೊಸ ನೀರಿಡಿ. ಅಂದಿನಿಂದ ಕೆಲಸದ ಕ್ರಮ ಬದಲಾಗಬೇಕು: ಮೊದಲು ಮರಿಗಳು, ಆಮೇಲೆ ಆರೋಗ್ಯವಾಗಿರುವ ದೊಡ್ಡ ಕೋಳಿಗಳು, ಕಟ್ಟಕಡೆಗೆ ಕಾಯಿಲೆಯವು. ಕಾಯಿಲೆಯ ಕೋಳಿಯ ಹತ್ತಿರ ಹೋಗಲು ಬೇರೆ ಚಪ್ಪಲಿ ಇಡಿ, ಬಂದ ಮೇಲೆ ಕೈಯನ್ನು ಸೋಪಿನಿಂದ ತೊಳೆಯಿರಿ. ರೋಗವನ್ನು ಒಂದು ಗೂಡಿನಿಂದ ಇನ್ನೊಂದಕ್ಕೆ ಹೊತ್ತು ಹಾಕುವುದು ಹೆಚ್ಚಾಗಿ ನಮ್ಮ ಕಾಲೇ. ಹಿಂಡಿನಿಂದ ಯಾವ ಕೋಳಿಯನ್ನೂ, ಎಷ್ಟೇ ಆರೋಗ್ಯವಾಗಿ ಕಂಡರೂ, ಹೊರಗೆ ಮಾರಬೇಡಿ, ಯಾರಿಗೂ ಕೊಡಬೇಡಿ. ಇನ್ನೇನು ಸಾಯುತ್ತದೆ ಎಂದು ಕೊಯ್ದು ಅಡುಗೆಗೆ ಬಳಸುವುದೂ ಬೇಡ.

ನಿಜಕ್ಕೂ ರೋಗವೇ?

ಆರೋಗ್ಯವಾಗಿರುವ ಕೋಳಿಯನ್ನು ಚೆನ್ನಾಗಿ ಬಲ್ಲವರಿಗೆ ಮಾತ್ರ ಕಾಯಿಲೆ ಬೇಗ ಕಾಣುತ್ತದೆ. ಬೇಟೆಗೆ ಸಿಗುವ ಜೀವಿಯಾದ ಕೋಳಿ ತನ್ನ ದೌರ್ಬಲ್ಯವನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ಕಾಯಿಲೆ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಸಾಕಷ್ಟು ಮುಂದುವರಿದಿರುತ್ತದೆ.

ಹಿಕ್ಕೆಯಿಂದಲೇ ಆರಂಭಿಸಿ. ಸಾಮಾನ್ಯ ಹಿಕ್ಕೆ ಕಂದು ಬಣ್ಣದ ಗಟ್ಟಿ ಉಂಡೆಯಾಗಿದ್ದು, ಮೇಲೆ ಬಿಳಿ ಟೋಪಿಯಂತಹ ಭಾಗ ಇರುತ್ತದೆ. ಆ ಬಿಳುಪು ಕೋಳಿಯ ಮೂತ್ರ. ಎಂಟು-ಹತ್ತು ಬಾರಿಗೊಮ್ಮೆ ಅಂಟಂಟಾದ, ಕಡು ಕಂದು ಬಣ್ಣದ, ಕೆಟ್ಟ ವಾಸನೆಯ ಹಿಕ್ಕೆ ಬರುತ್ತದೆ. ಅದು ಕುರುಡುಕರುಳಿನಿಂದ ಬರುವಂಥದ್ದು, ಸಂಪೂರ್ಣ ಸಹಜ. ಅದನ್ನು ಭೇದಿ ಎಂದು ತಿಳಿದು ಆರೋಗ್ಯವಂತ ಕೋಳಿಗೆ ಔಷಧ ಕುಡಿಸುವವರು ಬಹಳ ಮಂದಿ. ಬಿಸಿಲಿನಲ್ಲಿ ಹೆಚ್ಚು ನೀರು ಕುಡಿದ ಕೋಳಿಯ ಹಿಕ್ಕೆಯೂ ನೀರಾಗಿರುತ್ತದೆ.

ಕಾವಿಗೆ ಕೂತ ಹೇಂಟೆಯೂ ಗರಿ ಕೆದರಿ, ಮೇವು ಬಿಟ್ಟು ಕೂರುತ್ತದೆ, ಆದರೆ ಕೈಯಿಟ್ಟರೆ ಸಿಟ್ಟಿನಿಂದ ಕುಟುಕುತ್ತದೆ. ಕಾಯಿಲೆಯ ಕೋಳಿಗೆ ಆ ಚೈತನ್ಯ ಇರುವುದಿಲ್ಲ. ಗರಿ ಉದುರುವ ಕಾಲದಲ್ಲಿ ಮೊಟ್ಟೆ ನಿಲ್ಲುವುದೂ ಸಹಜ. ಹೊಟ್ಟೆಯಲ್ಲಿ ಮೊಟ್ಟೆ ಸಿಕ್ಕಿಕೊಂಡ ಹೇಂಟೆ ನೆಟ್ಟಗೆ ನಿಂತು, ಬಾಲ ಅಲುಗಿಸುತ್ತಾ ತಿಣುಕುತ್ತದೆ. ಕೊರಳ ಬುಡದಲ್ಲಿರುವ ಕಾಳಿನ ಚೀಲವನ್ನು ಬೆಳಿಗ್ಗೆ ಮೇವು ಹಾಕುವ ಮೊದಲು ಮುಟ್ಟಿ ನೋಡಿ. ರಾತ್ರಿ ಕಳೆದ ಮೇಲೂ ಅದು ಗಟ್ಟಿಯಾಗಿ ತುಂಬಿದ್ದರೆ ಅಲ್ಲೇ ಏನೋ ಕಟ್ಟಿಕೊಂಡಿದೆ. ಇವೆಲ್ಲ ಒಂದೇ ಕೋಳಿಯ ತೊಂದರೆಗಳು, ಹರಡುವುದಿಲ್ಲ. ಗರಿಯನ್ನು ಸರಿಸಿ ಹೇನು, ನುಸಿ ಇದೆಯೇ ಎಂದೂ ನೋಡಿ. ಕೆಂಪು ನುಸಿ ಹಗಲು ಗೂಡಿನ ಸಂದಿನಲ್ಲಿ ಅಡಗಿ ರಾತ್ರಿ ರಕ್ತ ಹೀರುವುದರಿಂದ, ಕತ್ತಲಾದ ಮೇಲೆ ಟಾರ್ಚ್ ಹಿಡಿದು ಕೂರುವ ಕೋಲಿನ ಅಡಿಭಾಗವನ್ನು ನೋಡಬೇಕು. ಜುಟ್ಟು ಬಿಳಿಚಿದ ಕೋಳಿಗೆ ರೋಗಕ್ಕಿಂತ ಮೊದಲು ನುಸಿಯನ್ನೇ ಅನುಮಾನಿಸಿ.

ಇಷ್ಟನ್ನು ನೋಡಿಯೂ ಕಾರಣ ಸಿಗದಿದ್ದರೆ, ಅಥವಾ ಎರಡನೆಯ ಕೋಳಿಯೂ ಮಂಕಾದರೆ, ಸಾಂಕ್ರಾಮಿಕವೆಂದೇ ಭಾವಿಸಿ ಮುಂದುವರಿಯಿರಿ.

ಪುಸ್ತಕದಲ್ಲಿ ಬರೆಯಬೇಕಾದದ್ದು

ಮೊದಲ ಕೋಳಿ ಯಾವ ದಿನ ಮಂಕಾಯಿತು, ಎರಡನೆಯದು ಯಾವಾಗ? ಹಿಡಿದದ್ದು ಮರಿಗಳನ್ನೋ, ದೊಡ್ಡವನ್ನೋ, ಎಲ್ಲವನ್ನೋ? ಮೊಟ್ಟೆ ಎಷ್ಟು ಇಳಿಯಿತು, ಸಿಪ್ಪೆ ಹೇಗಿದೆ? ಯಾವ ಲಸಿಕೆ, ಯಾವ ದಿನ ಹಾಕಿಸಿದ್ದಿರಿ? ಕಳೆದ ಒಂದು ತಿಂಗಳಲ್ಲಿ ಹೊರಗಿನಿಂದ ಕೋಳಿ ಬಂದಿತ್ತೇ? ಈ ಕೊನೆಯ ಪ್ರಶ್ನೆಗೆ ಉತ್ತರ ಬಹಳ ಸಲ 'ಹೌದು' ಎಂದೇ ಇರುತ್ತದೆ. ಪಶುವೈದ್ಯರು ಕೇಳುವುದೂ ಇದನ್ನೇ. ಬರೆದದ್ದನ್ನು ಓದಿ ಹೇಳಿದರೆ ಅವರ ಅರ್ಧ ಕೆಲಸ ಮುಗಿಯುತ್ತದೆ.

ಉಸಿರಿನಲ್ಲಿ ಸದ್ದು ಬಂದರೆ

ಉಸಿರಿನ ತೊಂದರೆಯನ್ನು ರಾತ್ರಿ ಪರೀಕ್ಷಿಸಬೇಕು. ಕೋಳಿಗಳು ಕೂತು ಒಂದು ಗಂಟೆಯ ನಂತರ, ದೀಪವಿಲ್ಲದೆ, ಗೂಡಿನ ಬಳಿ ಐದು ನಿಮಿಷ ಸುಮ್ಮನೆ ನಿಲ್ಲಿ. ಹಗಲಿನ ಗದ್ದಲದಲ್ಲಿ ಕೇಳಿಸದ ಗೊರಗೊರ, ಸೀನು, ಸಿಳ್ಳೆಯಂತಹ ಉಸಿರು ಆಗ ಸ್ಪಷ್ಟವಾಗಿ ಕೇಳುತ್ತದೆ. ಎಷ್ಟು ಕೋಳಿಗಳಿಂದ ಸದ್ದು ಬರುತ್ತಿದೆ ಎಂದು ಎಣಿಸಿ. ಮರುದಿನ ಅದೇ ಹೊತ್ತಿಗೆ ಮತ್ತೆ ಎಣಿಸಿ. ಈ ಎರಡು ಸಂಖ್ಯೆಗಳ ನಡುವಿನ ಅಂತರವೇ ನಿಮ್ಮ ದೊಡ್ಡ ಸುಳಿವು.

ಒಂದೆರಡು ದಿನದಲ್ಲಿ ಬಹುತೇಕ ಇಡೀ ಹಿಂಡು ಸೀನುತ್ತಾ ಕೆಮ್ಮುತ್ತಾ ಇದ್ದರೆ ಸಾಂಕ್ರಾಮಿಕ ಬ್ರಾಂಕೈಟಿಸ್ ಅನುಮಾನಿಸಿ. ಇದು ಕೋಳಿಗಳ ಕೊರೊನಾ ವೈರಸ್, ತಗುಲಿದ 18ರಿಂದ 36 ಗಂಟೆಗಳಲ್ಲೇ ಲಕ್ಷಣ ತೋರಿಸುತ್ತದೆ. ದೊಡ್ಡ ಹೇಂಟೆಗಳು ಸಾಯುವುದು ಕಡಿಮೆ, ಆದರೆ ಮೊಟ್ಟೆಯ ಸಿಪ್ಪೆ ಸುಕ್ಕುಗಟ್ಟಿ, ಆಕಾರ ಕೆಟ್ಟು, ಒಡೆದರೆ ಬಿಳಿಲೋಳೆ ನೀರಿನಂತೆ ಹರಿಯುತ್ತದೆ.

ಮುಖದ ಒಂದು ಬದಿ ಅಥವಾ ಎರಡೂ ಬದಿ ಊದಿಕೊಂಡು, ಕಣ್ಣು ಮುಚ್ಚಿಹೋಗಿ, ಮೂಗಿನಿಂದ ಸಿಂಬಳ ಸುರಿದು, ಹತ್ತಿರ ಹೋದರೆ ಕೊಳೆತ ವಾಸನೆ ಬಂದರೆ ಅದು ಕೋಳಿ ನೆಗಡಿ, ಅಂದರೆ ಕೊರೈಜಾ. ಆ ವಾಸನೆಯನ್ನು ಒಮ್ಮೆ ಮೂಸಿದವರು ಮರೆಯುವುದಿಲ್ಲ. ತಗುಲಿದ 1ರಿಂದ 3 ದಿನದಲ್ಲಿ ಕಾಣಿಸಿಕೊಂಡು, ವಾರ ಹತ್ತು ದಿನಗಳಲ್ಲಿ ಹಿಂಡನ್ನು ಆವರಿಸುತ್ತದೆ. ಇದಕ್ಕೆ ಕಾರಣ ಬ್ಯಾಕ್ಟೀರಿಯಾ, ಆದ್ದರಿಂದ ಪಶುವೈದ್ಯರು ಬರೆದುಕೊಡುವ ಆ್ಯಂಟಿಬಯೋಟಿಕ್ ಕೆಲಸ ಮಾಡುತ್ತದೆ. ಆದರೂ ಚೇತರಿಸಿಕೊಂಡ ಕೋಳಿಗಳು ರೋಗಾಣುವನ್ನು ಒಳಗೆ ಇಟ್ಟುಕೊಂಡೇ ಬದುಕುತ್ತವೆ. ಮುಂದೆ ತರುವ ಹೊಸ ಕೋಳಿಗೆ ನೆಗಡಿ ತಗುಲಿಸುವುದು ಇವೇ.

ಕಣ್ಣಿನ ಮೂಲೆಯಲ್ಲಿ ಸೋಪಿನ ನೊರೆಯಂತಹ ಗುಳ್ಳೆ, ರಾತ್ರಿ ಗೊರಗೊರ, ವಾರಗಟ್ಟಲೆ ಎಳೆಯುವ ಕಾಯಿಲೆ, ಚಳಿ ಮಳೆಯಲ್ಲಿ ಹೆಚ್ಚಳ: ಇದು ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ತರುವ ದೀರ್ಘಕಾಲದ ಉಸಿರಾಟದ ರೋಗ. ನಿಧಾನವೇ ಇದರ ಗುರುತು. ಔಷಧದಿಂದ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ, ಮೊಟ್ಟೆಯ ಮೂಲಕ ಮರಿಗೂ ದಾಟುತ್ತದೆ. ಅಂತಹ ಹೇಂಟೆಯ ಮೊಟ್ಟೆಗಳನ್ನು ಮರಿ ಮಾಡಿಸಲು ಇಡಬೇಡಿ.

ಕತ್ತು ಚಾಚಿ, ಬಾಯಿ ತೆರೆದು, ಕೆಮ್ಮಿದಾಗ ರಕ್ತ ಬೆರೆತ ಲೋಳೆ ಗೋಡೆಗೆ ಸಿಡಿದರೆ ಲ್ಯಾರಿಂಗೋಟ್ರೇಕಿಯೈಟಿಸ್ ಎಂಬ ವೈರಸ್ ರೋಗ. ಸದ್ದಿಲ್ಲದೆ ಬಾಯಿ ಕಳೆಯುವ ಎಳೆಯ ಮರಿಗಳಿದ್ದರೆ ಮೊದಲು ಹಾಸಿಗೆಗೆ ಹಾಕಿದ ಹೊಟ್ಟನ್ನು ಮೂಸಿ ನೋಡಿ. ಬೂಷ್ಟು ಹಿಡಿದ ಹೊಟ್ಟಿನ ದೂಳು ಮರಿಗಳ ಶ್ವಾಸಕೋಶಕ್ಕೆ ಇಳಿದು ಅವುಗಳನ್ನು ಕೊಲ್ಲುತ್ತದೆ, ಮತ್ತು ಇದು ಮರಿಯಿಂದ ಮರಿಗೆ ಹರಡುವುದಿಲ್ಲ. ಗೂಡಿನ ಒಳಗೆ ಬಗ್ಗಿದಾಗ ನಿಮ್ಮದೇ ಕಣ್ಣು ಉರಿದರೆ ಅದು ಹಿಕ್ಕೆಯಿಂದ ಏಳುವ ಅಮೋನಿಯಾ ಅನಿಲ. ಕೋಳಿಯ ಕಣ್ಣು ಕೆಂಪಾಗಲು ಅಷ್ಟೇ ಸಾಕು, ಅದರ ಮೇಲೆ ಬೇರೆ ಸೋಂಕು ಹತ್ತಲು ದಾರಿಯೂ ಆಗುತ್ತದೆ.

ಭೇದಿಯ ಬಣ್ಣ ಮತ್ತು ಮರಿಯ ವಯಸ್ಸು

ಭೇದಿಯ ಬಣ್ಣವನ್ನು ಒಂಟಿಯಾಗಿ ನಂಬಬೇಡಿ. ಹಸಿರು ಭೇದಿ ಕೊಕ್ಕರೆ ರೋಗದಲ್ಲಿ ಬರುತ್ತದೆ, ಕೋಳಿ ಕಾಲರಾದಲ್ಲೂ ಬರುತ್ತದೆ, ಎರಡು ದಿನ ಮೇವು ಮುಟ್ಟದ ಯಾವ ಕೋಳಿಯಲ್ಲೂ ಬರುತ್ತದೆ. ಖಾಲಿ ಕರುಳಿಗೆ ಇಳಿದ ಪಿತ್ತವೇ ಆ ಹಸಿರು. ಬಣ್ಣದ ಜೊತೆಗೆ ವಯಸ್ಸನ್ನು ಇಟ್ಟು ನೋಡಿದಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ.

ಮೂರು ವಾರದೊಳಗಿನ ಮರಿಗಳು ಒಂದೆಡೆ ಮುದುರಿ ಕೀಚು ಕೀಚು ಎನ್ನುತ್ತಾ, ಬಿಳಿ ಸುಣ್ಣದಂತಹ ಹಿಕ್ಕೆ ಮಲದ್ವಾರಕ್ಕೆ ಮೆತ್ತಿಕೊಂಡು ಸಾಯುತ್ತಿದ್ದರೆ ಬಿಳಿ ಭೇದಿ, ಅಂದರೆ ಪುಲ್ಲೋರಂ ಅನುಮಾನಿಸಿ. ಇದು ತಾಯಿಯಿಂದ ಮೊಟ್ಟೆಯ ಮೂಲಕವೇ ಬರುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ. ಆದರೆ ದಾರಿಯಲ್ಲಿ ಚಳಿ ತಿಂದ ಮರಿಗೂ ಹಿಕ್ಕೆ ಮೆತ್ತಿಕೊಳ್ಳುತ್ತದೆ. ಬೆಚ್ಚನೆ ನೀರಿನಲ್ಲಿ ಒರೆಸಿ, ಕಾವು ಸರಿಪಡಿಸಿದ ಮೇಲೆ ಒಂದು ದಿನದಲ್ಲಿ ಮರಿ ಓಡಾಡತೊಡಗಿದರೆ ಅದು ಚಳಿಯಷ್ಟೇ.

ಮೂರರಿಂದ ಆರು ವಾರದ ಮರಿಗಳಲ್ಲಿ ಎರಡು ರೋಗಗಳನ್ನು ಬೇರ್ಪಡಿಸಿ ನೋಡಬೇಕು. ಹಿಕ್ಕೆಯಲ್ಲಿ ರಕ್ತ ಕಂಡು, ಜುಟ್ಟು ಬಿಳಿಚಿ, ರೆಕ್ಕೆ ಜೋತುಬಿದ್ದರೆ ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್. ನೀರಾದ ಬಿಳಿ ಭೇದಿ, ಮರಿ ತನ್ನದೇ ಮಲದ್ವಾರವನ್ನು ಕುಟುಕಿಕೊಳ್ಳುವುದು, ಸಾವು ಒಮ್ಮೆಲೇ ಏರಿ ಮೂರು-ನಾಲ್ಕು ದಿನದಲ್ಲಿ ತುದಿ ಮುಟ್ಟಿ ತಾನಾಗಿ ಇಳಿಯುವುದು ಗಂಬೋರೊ. ಗಂಬೋರೊ ವೈರಸ್‌ಗೆ ಔಷಧವಿಲ್ಲ. ಅದು ಮರಿಯ ರೋಗನಿರೋಧಕ ಶಕ್ತಿಯನ್ನೇ ಹಾಳುಮಾಡುವುದರಿಂದ, ಬದುಕಿ ಉಳಿದ ಮರಿಗಳಿಗೆ ಮುಂದೆ ಹಾಕುವ ಬೇರೆ ಲಸಿಕೆಗಳೂ ಸರಿಯಾಗಿ ಹಿಡಿಯದಿರಬಹುದು.

ರಕ್ತಭೇದಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಸರಿಯಾದ ಔಷಧ ಸರಿಯಾದ ಹೊತ್ತಿಗೆ ಸಿಕ್ಕರೆ ಕೋಳಿ ಉಳಿಯುವ ರೋಗಗಳಲ್ಲಿ ಇದು ಮುಖ್ಯವಾದುದು. ಐಮೀರಿಯಾ ಎಂಬ ಏಕಕೋಶ ಪರೋಪಜೀವಿ ಕರುಳಿನ ಗೋಡೆಯನ್ನು ಹರಿಯುತ್ತದೆ. ಹಿಕ್ಕೆಯಲ್ಲಿ ಹೊರಬಿದ್ದ ಅದರ ಮೊಟ್ಟೆಯಂತಹ ಕೋಶಗಳು ಬೆಚ್ಚಗಿನ, ಒದ್ದೆಯಾದ ಹೊಟ್ಟಿನಲ್ಲಿ ಒಂದೆರಡು ದಿನದಲ್ಲೇ ಸೋಂಕು ಹರಡಲು ತಯಾರಾಗುತ್ತವೆ. ಒಣಗಿದ ಹೊಟ್ಟಿನಲ್ಲಿ ಹಾಗಾಗುವುದು ಕಷ್ಟ. ಸಾಮಾನ್ಯ ಸೋಂಕುನಿವಾರಕಗಳು ಈ ಕೋಶಗಳಿಗೆ ಏನೂ ಮಾಡವು. ಆದ್ದರಿಂದ ನೀರಿನ ಪಾತ್ರೆಯ ಸುತ್ತಲಿನ ಒದ್ದೆ ಹೊಟ್ಟನ್ನು ದಿನವೂ ಎತ್ತಿ ಹೊರಹಾಕುವುದೇ ಅರ್ಧ ಚಿಕಿತ್ಸೆ.

ಆಂಪ್ರೋಲಿಯಂ ಔಷಧವನ್ನು ಕುಡಿಯುವ ನೀರಿನಲ್ಲಿ ಕೊಡಬೇಕು, ಮೇವಿನಲ್ಲಿ ಬೆರೆಸಿದರೆ ಉಪಯೋಗವಾಗದು. ಕಾಯಿಲೆಯ ಮರಿ ತಿನ್ನುವುದನ್ನು ನಿಲ್ಲಿಸಿದರೂ ನೀರು ಕುಡಿಯುತ್ತದೆ. ಪೊಟ್ಟಣದ ಮೇಲಿನ ಪ್ರಮಾಣದಲ್ಲಿ 3ರಿಂದ 5 ದಿನ ಪೂರ್ತಿಯಾಗಿ, ಬಳಿಕ ಒಂದೆರಡು ವಾರ ಕಡಿಮೆ ಪ್ರಮಾಣದಲ್ಲಿ ಕೊಡುವುದು ರೂಢಿ. ಆ ದಿನಗಳಲ್ಲಿ ಬೇರೆ ನೀರು ಮರಿಗೆ ಸಿಗಬಾರದು. ಇನ್ನೊಂದು ಮಾತನ್ನು ಬಹಳ ಮಂದಿ ಗಮನಿಸುವುದಿಲ್ಲ: ಆಂಪ್ರೋಲಿಯಂ ಪರೋಪಜೀವಿಗೆ ಬಿ1 ಜೀವಸತ್ವ ಸಿಗದಂತೆ ತಡೆದು ಕೆಲಸ ಮಾಡುತ್ತದೆ. ಶಕ್ತಿ ಬರಲಿ ಎಂದು ಅದೇ ನೀರಿಗೆ ಬಿ ಜೀವಸತ್ವದ ಟಾನಿಕ್ ಬೆರೆಸಿದರೆ ಔಷಧವನ್ನು ನೀವೇ ಸೋಲಿಸಿದಂತಾಗುತ್ತದೆ. ಟಾನಿಕ್ ಚಿಕಿತ್ಸೆ ಮುಗಿದ ಮೇಲೆ ಕೊಡಿ.

ಕತ್ತು ತಿರುಚಿದರೆ, ಕಾಲು ಬಿದ್ದರೆ

ಇಲ್ಲಿ ನೋಟ ಸೂಕ್ಷ್ಮವಾಗಿರಬೇಕು. ಕತ್ತು ತಿರುಚಿದೆಯೋ, ಸೋತು ಬಿದ್ದಿದೆಯೋ? ಕತ್ತು ಹಗ್ಗದಂತೆ ಹೊಸೆದು, ತಲೆ ಮೇಲ್ಮುಖವಾಗಿ ಅಥವಾ ಹಿಂದಕ್ಕೆ ತಿರುಗಿ, ಕೋಳಿ ಸುತ್ತು ಹೊಡೆಯುತ್ತಿದ್ದರೆ ಕೊಕ್ಕರೆ ರೋಗದ ಅನುಮಾನ ಬಲವಾಗುತ್ತದೆ. ಕತ್ತು ಬಲವಿಲ್ಲದೆ ನೆಲಕ್ಕೆ ಒರಗಿ, ರೆಕ್ಕೆ ಕಾಲು ಎಲ್ಲವೂ ಸಡಿಲವಾಗಿ, ಹಿಡಿದರೆ ಗರಿ ಸುಲಭವಾಗಿ ಕಿತ್ತು ಬಂದರೆ ಅದು ಬಾಟ್ಯುಲಿಸಂ ಎಂಬ ವಿಷಬಾಧೆ. ಸುತ್ತಮುತ್ತ ಕೊಳೆತ ಪ್ರಾಣಿ, ಹುಳು ಬಿದ್ದ ಕಸ ಇದೆಯೇ ಎಂದು ಹುಡುಕಿ ತೆಗೆಯಿರಿ. ಒಂದೇ ದಿನ ಹಲವು ಕೋಳಿಗಳು ಹೀಗೆ ಬಿದ್ದರೂ ಅದು ಅಂಟುರೋಗವಲ್ಲ, ಎಲ್ಲವೂ ಒಂದೇ ವಿಷವನ್ನು ತಿಂದಿರುತ್ತವೆ.

ಒಂದು ಕಾಲು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಚಾಚಿ ಮಲಗಿದ ಎಳೆಯ ಕೋಳಿ ಮಾರೆಕ್ಸ್ ರೋಗದ ಚಿತ್ರ. ಹಂಗೇರಿಯ ಪಶುವೈದ್ಯ ಯೋಝೆಫ್ ಮಾರೆಕ್ 1907ರಲ್ಲಿ ಇದನ್ನು ಮೊದಲು ವಿವರಿಸಿದರು. ಕೆಲವು ಕೋಳಿಗಳಲ್ಲಿ ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಉಂಗುರ ಬೂದುಬಣ್ಣಕ್ಕೆ ತಿರುಗಿ, ಪಾಪೆಯ ಅಂಚು ಒರಟಾಗುತ್ತದೆ. ಗರಿಯ ಬುಡದ ಹೊಟ್ಟಿನಲ್ಲಿ ವೈರಸ್ ಹೊರಬೀಳುವುದರಿಂದ ಗೂಡಿನ ದೂಳೇ ಇದರ ವಾಹನ, ಮತ್ತು ಆ ದೂಳಿನಲ್ಲಿ ಅದು ತಿಂಗಳುಗಟ್ಟಲೆ ಜೀವಂತವಾಗಿರುತ್ತದೆ. ಚಿಕಿತ್ಸೆ ಇಲ್ಲ. ಲಸಿಕೆ ಇದೆ, ಆದರೆ ಅದನ್ನು ಮರಿ ಹುಟ್ಟಿದ ದಿನವೇ ಹಾಕಬೇಕು. ಮರಿ ಕೊಳ್ಳುವಾಗಲೇ ಮಾರೆಕ್ಸ್ ಲಸಿಕೆ ಆಗಿದೆಯೇ ಎಂದು ಕೇಳಿ.

ಕೊಕ್ಕರೆ ರೋಗಕ್ಕೆ ಮತ್ತೆ ಬರುತ್ತೇನೆ. ತಗುಲಿದ 2ರಿಂದ 15 ದಿನಗಳೊಳಗೆ, ಹೆಚ್ಚಾಗಿ ಐದಾರು ದಿನಕ್ಕೆ ಹೊರಗೆ ತೋರುತ್ತದೆ. ಯಾವ ವಯಸ್ಸನ್ನೂ ಬಿಡುವುದಿಲ್ಲ. ಮೊದಲು ಮಂಕು, ಬಾಯಿ ತೆರೆದು ಉಸಿರಾಟ, ಹಸಿರು ನೀರು ಭೇದಿ. ಎರಡು ಮೂರು ದಿನಗಳಲ್ಲಿ ಸಾವು ಆರಂಭ. ಅದನ್ನು ದಾಟಿದವುಗಳಲ್ಲಿ ಕತ್ತು ತಿರುಚುವಿಕೆ, ನಡುಕ, ಪಾರ್ಶ್ವವಾಯು. ಲಸಿಕೆ ಕಾಣದ ಹಿಂಡಿನಲ್ಲಿ ಎಲ್ಲ ಕೋಳಿಗಳೂ ಸಾಯುವುದುಂಟು. ಲಸಿಕೆ ಹಾಕಿದ್ದ ಹಿಂಡಿನಲ್ಲಿ ಅದೇ ವೈರಸ್ ಮೊಟ್ಟೆ ಇಳಿಕೆ ಮತ್ತು ತೆಳು ಸಿಪ್ಪೆಯಾಗಿ ಮಾತ್ರ ಕಾಣಿಸಬಹುದು. ನೋಡಿಕೊಳ್ಳುವವರ ಕಣ್ಣಿಗೆ ತಾಗಿದರೆ ಕಣ್ಣು ಕೆಂಪಾಗಿ ಕೆಲವು ದಿನ ನೀರು ಸುರಿಯುವುದೂ ಇದೆ, ಆದ್ದರಿಂದ ಕೋಳಿ ಮುಟ್ಟಿದ ಕೈಯಿಂದ ಕಣ್ಣುಜ್ಜಿಕೊಳ್ಳಬೇಡಿ.

ಮುಖದ ಮೇಲೆ ಗಂಟುಗಳು

ಕೋಳಿ ಸಿಡುಬನ್ನು ಗುರುತಿಸುವುದು ಸುಲಭ. ಜುಟ್ಟು, ಕಣ್ಣಿನ ರೆಪ್ಪೆ, ಕೊಕ್ಕಿನ ಬುಡ, ಗದ್ದದ ಕೆಳಗೆ ಜೋಲುವ ಚರ್ಮ, ಹೀಗೆ ಗರಿಯಿಲ್ಲದ ಕಡೆಯೆಲ್ಲ ನರಹುಲಿಯಂತಹ ಗಂಟು ಎದ್ದು, ಕಪ್ಪಗೆ ಹೊಪ್ಪಳೆಗಟ್ಟುತ್ತದೆ. ಕಾದಾಟದ ಗಾಯದ ಕಪ್ಪು ಕಲೆಗೂ ಇದಕ್ಕೂ ಅನುಮಾನ ಬಂದರೆ ಬೆರಳಿನಿಂದ ತಡವಿ ನೋಡಿ. ಗಾಯದ ಹೊಪ್ಪಳೆ ಚಪ್ಪಟೆ, ಸಿಡುಬಿನದು ಉಬ್ಬಿರುತ್ತದೆ. ಸೊಳ್ಳೆಗಳು ಇದನ್ನು ಹರಡುತ್ತವೆ, ಹಬ್ಬುವುದು ನಿಧಾನ, ಒಂದು ಕೋಳಿಯಲ್ಲಿ ಮೂರು-ನಾಲ್ಕು ವಾರಕ್ಕೆ ತಾನಾಗಿ ಉದುರುತ್ತದೆ. ಗಂಟುಗಳಿಗೆ ಅಯೋಡಿನ್ ಹಚ್ಚಿ, ಕಣ್ಣನ್ನು ಉಪ್ಪುನೀರಿನಲ್ಲಿ ಒರೆಸಿ ತೆರೆದಿಡಿ. ಎಷ್ಟೋ ಕೋಳಿಗಳು ಸಿಡುಬಿನಿಂದ ಸಾಯುವುದಿಲ್ಲ, ಕಣ್ಣು ಮುಚ್ಚಿಹೋಗಿ ಮೇವು ಕಾಣದೆ ಹಸಿವಿನಿಂದ ಸಾಯುತ್ತವೆ. ಅಂಥವಕ್ಕೆ ದಿನಕ್ಕೆ ಮೂರು ಹೊತ್ತು ಕೈಯಾರೆ ತಿನ್ನಿಸಿ, ಕೊಕ್ಕನ್ನು ನೀರಿಗೆ ತಾಗಿಸಿ.

ಬಾಯಿ ತೆರೆದು ನೋಡುವುದನ್ನು ಮರೆಯಬೇಡಿ. ಸಿಡುಬಿನ ಇನ್ನೊಂದು ರೂಪ ಬಾಯಿ ಗಂಟಲಲ್ಲಿ ಹಳದಿ ಗಿಣ್ಣಿನಂತಹ ಪೊರೆ ಕಟ್ಟಿ ಉಸಿರನ್ನೇ ಮುಚ್ಚುತ್ತದೆ. ಅದನ್ನು ಬಲವಂತವಾಗಿ ಕೆರೆದರೆ ರಕ್ತ ಸುರಿಯುತ್ತದೆ, ಪಶುವೈದ್ಯರಿಗೇ ಬಿಡಿ. ಸಿಡುಬು ನಿಧಾನವಾಗಿ ಹಬ್ಬುವುದರಿಂದ ಒಂದು ಅನುಕೂಲವಿದೆ: ಒಂದೆರಡು ಕೋಳಿಯಲ್ಲಿ ಕಂಡ ಕೂಡಲೇ ಉಳಿದ ಆರೋಗ್ಯವಂತ ಕೋಳಿಗಳಿಗೆ ರೆಕ್ಕೆಯ ಚರ್ಮದಲ್ಲಿ ಚುಚ್ಚುವ ಲಸಿಕೆ ಹಾಕಿಸಿ ಅವುಗಳನ್ನು ಉಳಿಸಬಹುದು. ಏಳರಿಂದ ಹತ್ತು ದಿನಕ್ಕೆ ಚುಚ್ಚಿದ ಜಾಗದಲ್ಲಿ ಸಣ್ಣ ಊತ ಅಥವಾ ಹೊಪ್ಪಳೆ ಕಂಡರೆ ಲಸಿಕೆ ಹಿಡಿದಿದೆ, ಇಲ್ಲವಾದರೆ ಮತ್ತೆ ಹಾಕಿಸಬೇಕು.

ಒಂದೇ ರಾತ್ರಿಯಲ್ಲಿ ಹಲವು ಸಾವು

ನಿನ್ನೆ ಸಂಜೆ ಮೇವು ತಿಂದ ಕೋಳಿಗಳು ಇಂದು ಬೆಳಿಗ್ಗೆ ಸತ್ತು ಬಿದ್ದಿದ್ದರೆ ಇಲ್ಲಿಯವರೆಗೆ ಹೇಳಿದ ನಿಧಾನದ ಪರೀಕ್ಷೆಗೆ ಸಮಯವಿಲ್ಲ. ವಿಷ, ಬಿಸಿಲಿನ ಝಳ, ಕೋಳಿ ಕಾಲರಾ, ಕೊಕ್ಕರೆ ರೋಗ, ಹಕ್ಕಿ ಜ್ವರ ಐದೂ ಹೀಗೆ ಕೊಲ್ಲಬಲ್ಲವು. ಕಾಲರಾ ಹೆಚ್ಚಾಗಿ ಬೆಳೆದ ಕೋಳಿಗಳನ್ನು ಹಿಡಿಯುತ್ತದೆ, ಗದ್ದದ ಜೋಲು ಚರ್ಮ ಊದಿಸುತ್ತದೆ. ಇಲಿಗಳು ಇದನ್ನು ಹೊತ್ತು ತರುತ್ತವೆ. ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ 1879-80ರಲ್ಲಿ ಇದೇ ರೋಗಾಣುವನ್ನು ಪ್ರಯೋಗಾಲಯದಲ್ಲಿ ದುರ್ಬಲಗೊಳಿಸಿ ಕೋಳಿಗಳಿಗೆ ಚುಚ್ಚಿದ್ದರಿಂದ ಇಂದಿನ ಲಸಿಕೆಗಳ ದಾರಿ ತೆರೆಯಿತು. ಹಿತ್ತಲ ಕೋಳಿಗೆ ಮನುಷ್ಯರು ಎಷ್ಟು ಋಣಿ ಎಂದು ನನಗೆ ಆಗಾಗ ಅನ್ನಿಸುತ್ತದೆ.

ತಲೆ ಊದಿ, ಜುಟ್ಟು ನೇರಳೆಗೆ ತಿರುಗಿ, ಕಾಲಿನ ಹುರುಪೆಗಳ ಕೆಳಗೆ ರಕ್ತ ಕಟ್ಟಿ, ಒಂದೆರಡು ದಿನಗಳಲ್ಲಿ ಸಾಲು ಸಾವು ಕಂಡರೆ ಹಕ್ಕಿ ಜ್ವರವೆಂದೇ ನಡೆದುಕೊಳ್ಳಿ. ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕೊಯ್ದು ನೋಡಬೇಡಿ, ಗರಿ ಕೀಳಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಪಶುವೈದ್ಯ ಇಲಾಖೆಗೆ ಅಂದೇ ತಿಳಿಸಿ. ಹಿಂಡು ಹೋಗುತ್ತದೆ ಎಂಬ ಭಯದಿಂದ ಮುಚ್ಚಿಟ್ಟವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ 1997ರಲ್ಲಿ ಹಾಂಕಾಂಗ್‌ನಲ್ಲಿ ಹಕ್ಕಿ ಜ್ವರದ ಎಚ್5ಎನ್1 ವೈರಸ್ 18 ಜನರಿಗೆ ತಗುಲಿ 6 ಮಂದಿಯನ್ನು ಕೊಂದಿತು. ಹಿಂಡನ್ನು ಮತ್ತೆ ಕಟ್ಟಬಹುದು. ಕಾಯಿಲೆಯ ಕೋಳಿಯನ್ನು ಮುಟ್ಟಿದ ಹತ್ತು ದಿನದೊಳಗೆ ನಿಮಗೆ ಜ್ವರ, ಕೆಮ್ಮು, ಕಣ್ಣುರಿ ಬಂದರೆ ವೈದ್ಯರಿಗೆ ಕೋಳಿಯ ವಿಷಯವನ್ನು ಮೊದಲೇ ಹೇಳಿ.

ಹೆಸರು ಖಚಿತವಾಗಬೇಕಾದರೆ

ಅನುಮಾನ ಎಷ್ಟೇ ಬಲವಾಗಿದ್ದರೂ ರೋಗವನ್ನು ಖಚಿತಪಡಿಸುವುದು ಪ್ರಯೋಗಾಲಯ. ಆಗತಾನೆ ಸತ್ತ ಕೋಳಿಯನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಮಂಜುಗಡ್ಡೆಯ ಜೊತೆ ಇಟ್ಟು, ಒಂದು ದಿನದೊಳಗೆ ಪಶುವೈದ್ಯರಿಗೆ ತಲುಪಿಸಿ. ಫ್ರೀಜರ್‌ನಲ್ಲಿ ಇಟ್ಟು ಗಟ್ಟಿಮಾಡಬೇಡಿ, ಹೆಪ್ಪುಗಟ್ಟಿದ ಅಂಗಗಳಲ್ಲಿ ಸೂಕ್ಷ್ಮ ಗುರುತುಗಳು ಅಳಿಸಿಹೋಗುತ್ತವೆ. ಹಕ್ಕಿ ಜ್ವರದ ಅನುಮಾನವಿದ್ದರೆ ನೀವು ಒಯ್ಯದೆ, ಅವರನ್ನೇ ಕರೆಸಿ.

ಉಳಿದ ಕಳೇಬರಗಳನ್ನು ಬಾವಿ, ಕೆರೆಗಳಿಂದ ದೂರ ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿ, ನಾಯಿ ಕೆದಕದಂತೆ ಮೇಲೆ ಕಲ್ಲು ಹೇರಿ. ಹೊಲಕ್ಕೋ ಹಳ್ಳಕ್ಕೋ ಎಸೆದ ಒಂದು ಕೋಳಿಯಿಂದ ಪಕ್ಕದ ಹತ್ತು ಮನೆಗಳ ಗೂಡುಗಳು ಖಾಲಿಯಾಗಬಹುದು.

ಔಷಧ ಕೊಡುವಾಗ

ವೈರಸ್ ರೋಗಗಳಲ್ಲಿ ನಾವು ಮಾಡಬಹುದಾದದ್ದು ಆರೈಕೆ: ಬೆಚ್ಚಗಿನ ಜಾಗ, ಶುದ್ಧ ನೀರು, ಮೆತ್ತಗೆ ನೆನೆಸಿದ ಮೇವು, ನೀರಿನಲ್ಲಿ ಎಲೆಕ್ಟ್ರೊಲೈಟ್ ಎಂಬ ಲವಣಗಳ ಪುಡಿ. ಅವುಗಳ ಬೆನ್ನಿಗೆ ಬರುವ ಬ್ಯಾಕ್ಟೀರಿಯಾ ಸೋಂಕಿಗೆ ಪಶುವೈದ್ಯರು ಆ್ಯಂಟಿಬಯೋಟಿಕ್ ಬರೆಯಬಹುದು. ಬರೆದಷ್ಟು ದಿನವೂ ಪೂರ್ತಿ ಕೊಡಿ, ಕೋಳಿ ಚುರುಕಾಯಿತೆಂದು ಎರಡನೆಯ ದಿನಕ್ಕೆ ನಿಲ್ಲಿಸಬೇಡಿ. ಆ ದಿನಗಳಲ್ಲಿ ಮತ್ತು ಔಷಧ ನಿಲ್ಲಿಸಿದ ಮೇಲೆ ಲೇಬಲ್ ಹೇಳುವಷ್ಟು ದಿನ ಮೊಟ್ಟೆ, ಮಾಂಸ ಯಾರೂ ತಿನ್ನುವಂತಿಲ್ಲ. ನಿತ್ರಾಣಗೊಂಡ ಕೋಳಿಯ ಬಾಯಿಗೆ ನೀರು ಸುರಿದರೆ ಶ್ವಾಸನಾಳಕ್ಕೆ ಇಳಿದು ಉಸಿರುಗಟ್ಟುತ್ತದೆ. ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ತಾಗಿಸಿ, ಅದು ನುಂಗುವುದನ್ನು ನೋಡಿ ಮುಂದಿನ ಹನಿ ಕೊಡಿ. ಎರಡು ದಿನದ ಆರೈಕೆಯ ಬಳಿಕವೂ ಎದ್ದು ನಿಲ್ಲಲಾಗದೆ ನರಳುವ ಕೋಳಿಯನ್ನು ನೋವಿಲ್ಲದೆ ಕಳುಹಿಸಿಕೊಡಲು ಪಶುವೈದ್ಯರನ್ನು ಕೇಳಿ. ಅದೂ ಆರೈಕೆಯ ಭಾಗವೇ.

ಗೂಡನ್ನು ಮತ್ತೆ ತುಂಬುವ ಮೊದಲು

ಹಳೆಯ ಹೊಟ್ಟನ್ನೆಲ್ಲ ತೆಗೆದು ಸುಟ್ಟು ಅಥವಾ ಹೂತು, ನೆಲ ಗೋಡೆಗಳನ್ನು ಕೆರೆದು, ಸೋಪಿನ ನೀರಿನಿಂದ ತಿಕ್ಕಿ ತೊಳೆಯಿರಿ. ಒಣಗಿದ ಮೇಲಷ್ಟೇ ಸೋಂಕುನಿವಾರಕ. ಹಿಕ್ಕೆ ಮೆತ್ತಿದ ಹಲಗೆಯ ಮೇಲೆ ಸುರಿದ ಬ್ಲೀಚ್ ಆ ಹಿಕ್ಕೆಯಲ್ಲೇ ಕರಗಿ ಹೋಗುತ್ತದೆ, ರೋಗಾಣುವನ್ನು ಮುಟ್ಟುವುದಿಲ್ಲ. ಒಂದು ಪಾಲು ಮನೆಬಳಕೆಯ ಬ್ಲೀಚ್ ದ್ರಾವಣಕ್ಕೆ ಹತ್ತು ಪಾಲು ನೀರು ಬೆರೆಸಿ, ಹತ್ತು ನಿಮಿಷ ಒದ್ದೆಯಾಗಿರಲು ಬಿಡಿ. ಬಳಿಕ ಗೂಡಿನ ಬಾಗಿಲು ತೆರೆದು ಬಿಸಿಲು ಗಾಳಿಗೆ ಕೆಲವು ವಾರ ಖಾಲಿ ಬಿಡಿ.

ಬದುಕಿ ಉಳಿದ ಕೋಳಿಗಳ ವಿಷಯದಲ್ಲಿ ನಿರ್ಧಾರ ಕಠಿಣ. ನೆಗಡಿ, ಮೈಕೊಪ್ಲಾಸ್ಮಾ, ಮಾರೆಕ್ಸ್, ಲ್ಯಾರಿಂಗೋಟ್ರೇಕಿಯೈಟಿಸ್ ಇವು ಬಂದು ಹೋದ ಕೋಳಿಗಳು ಹೊರನೋಟಕ್ಕೆ ಗಟ್ಟಿಯಾಗಿದ್ದರೂ ರೋಗಾಣುವನ್ನು ಹೊತ್ತಿರುತ್ತವೆ. ಅವನ್ನು ಇಟ್ಟುಕೊಳ್ಳುವುದಾದರೆ ಅವು ಇರುವವರೆಗೂ ಹೊಸ ಕೋಳಿ ತರಬೇಡಿ. ಹೊಸದನ್ನು ತರಬೇಕೆಂದಿದ್ದರೆ ಎರಡನ್ನೂ ಎಂದೂ ಬೆರೆಸಬೇಡಿ. ನನ್ನ ಆ ನಾಲ್ಕು ಕೋಳಿಗಳಲ್ಲಿ ಒಂದರ ಕತ್ತು ವಾರಗಟ್ಟಲೆ ಓರೆಯಾಗಿಯೇ ಇತ್ತು. ಅದಕ್ಕೆ ತಟ್ಟೆಯನ್ನು ಓರೆಯಾಗಿ ಹಿಡಿದು ತಿನ್ನಿಸುತ್ತಿದ್ದೆ.

ಹೊಸ ಕೋಳಿ ಬಂದಾಗ 30 ದಿನ ಬೇರೆಯೇ ಇರಿಸಿ. ಕೊಕ್ಕರೆ ರೋಗದ ಲಸಿಕೆಯನ್ನು ಮರಿಗಳ ಮೊದಲ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿಯಾಗಿ ಹಾಕಿಸಿ, ಮುಂದಿನ ವರಸೆಗಳ ದಿನಾಂಕವನ್ನು ಪಶುವೈದ್ಯರಿಂದ ಕೇಳಿ ಅದೇ ಪುಸ್ತಕದಲ್ಲಿ ಬರೆದಿಡಿ. ಲಸಿಕೆಯ ಸೀಸೆ ತಯಾರಕರಿಂದ ನಿಮ್ಮ ಕೈಗೆ ಬರುವವರೆಗೂ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ನಾಳೆಗೆ ಇಡುವಂತಿಲ್ಲ. ನೀರಿನಲ್ಲಿ ಕೊಡುವ ಲಸಿಕೆಯಾದರೆ ಕ್ಲೋರಿನ್ ಇಲ್ಲದ ನೀರು ಬೇಕು. ಮಂಕಾಗಿರುವ ಕೋಳಿಗೆ ಅಂದು ಲಸಿಕೆ ಬೇಡ, ಅದನ್ನು ಬೇರೆ ಇರಿಸಿ, ಅದರ ದಿನಾಂಕವನ್ನು ಪ್ರತ್ಯೇಕವಾಗಿ ಬರೆಯಿರಿ.